ಬಾಯಿಲ್ಲದ ಕರಿಹಲಗೆ

ನಮ್ಮ ಸಕಲೇಶಪುರದ ಕಡೆ ಮಾರ್ಚ್ ತಿಂಗಳಲ್ಲಿ ಇಬ್ಬರು ಎದುರಾದರೆ ಊಟವಾಯಿತೇ ಎನ್ನುವ ಮೊದಲು ‘ಎಷ್ಟು ಸೆಂಟು?’ ಎನ್ನುತ್ತಾರೆ, ಪರಸ್ಥಳದವರು ಇದನ್ನು ಸುಗಂಧದ್ರವ್ಯದ ವಿಚಾರಣೆಯೆಂದು ಭಾವಿಸಿದರೂ ಆಶ್ಚರ್ಯವಿಲ್ಲ, ಆದರೆ ಅದು ಮಳೆಯ ಅಳತೆ. ನೂರು ಸೆಂಟಿಗೆ ಒಂದಿಂಚು. ಅಷ್ಟು ಬಿದ್ದರೆ ಕಾಫಿ ಹೂವು ಚೆನ್ನಾಗಿ ಅರಳುತ್ತದೆ. ಕಡಿಮೆಯಾದರೆ ತಡಮಾಡದೆ ಸ್ಪ್ರಿಂಕ್ಲರ್ ಹಾಕಬೇಕು, ಇಲ್ಲವಾದರೆ ವರ್ಷದ ಫಸಲು ಮೊಗ್ಗಿನಲ್ಲೇ ಕಮರುತ್ತದೆ.

ಬೆಳೆಗಾರರ ಸಂಘದ ಕಾರ್ಯದರ್ಶಿಯಾದ ನಾನು ಸಂಘಕ್ಕೊಂದು ಜಾಲತಾಣ ಮಾಡಿ, ಮೀಸೆ ಇಲ್ಲದಿದ್ದರೂ ಮೀಸೆ ತಿರುವಿದ್ದೆ. ಬೆಳಿಗ್ಗೆ ಎಸ್ಟೇಟುಗಳಿಂದ ಬಂದ ಅಳತೆಯನ್ನು ಕರಿಹಲಗೆಯ ಮೇಲೆ ಬರೆಯುವುದು, ಮಳೆ ಸಾಲದ ಕಡೆಯದನ್ನು ಕೆಂಪು ಸೀಮೆಸುಣ್ಣದಲ್ಲಿ ಬರೆಯುವುದು ನಮ್ಮ ಹಳೆಯ ಪದ್ಧತಿ. ನಾನು ಆ ಹಲಗೆಯ ಫೋಟೋ ತೆಗೆದು ಜಾಲತಾಣಕ್ಕೆ ಏರಿಸುತ್ತಿದ್ದೆ. ಇದಕ್ಕಿಂತ ಸ್ಪಷ್ಟವಾದದ್ದು ಇನ್ನೇನು ಬೇಕು, ಹೇಳಿ?

ಹೂಮಳೆ ಬಿದ್ದ ಮರುದಿನವೇ ಯಸಳೂರಿನ ರತ್ನಕ್ಕನ ಫೋನು ಬಂತು. ಗಂಡ ತೀರಿಕೊಂಡ ಮೇಲೆ ತೋಟವನ್ನು ಒಬ್ಬರೇ ನಡೆಸುತ್ತಿರುವವರು. ಎರಡು ವರ್ಷದಿಂದ ಕಣ್ಣು ಸ್ವಲ್ಪವೂ ಕಾಣುವುದಿಲ್ಲ. ಪರದೆಯ ಮೇಲಿನದನ್ನು ಫೋನೇ ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತದೆ.

“ಏನೋ ಮಾರಾಯ, ನಿನ್ ಪೇಜು ಬರೀ ‘ಚಿತ್ರ, ಚಿತ್ರ’ ಅಂತೈತೆ. ನಮ್ ಯಸಳೂರಲ್ಲಿ ಎಷ್ಟು ಸೆಂಟು ಬಿತ್ತು ಅಂತ ಹೇಳ್ತಾನೇ ಇಲ್ವಲ್ಲೋ!”

ನಿಮ್ಮ ಮೈದುನ ಮಹೇಶನ ಕೈಲಿ ಓದಿಸಿಕೊಳ್ಳಿ, ಇಲ್ಲವೆಂದರೆ ನಾನೇ ಹೇಳುತ್ತೇನೆ ಎಂದೆ, ಮಹಾ ಉದಾರಿಯಂತೆ.

“ಇವತ್ತು ನೀನ್ ಹೇಳ್ತೀಯ, ನಾಳೆ? ಒಂದೊಂದಕ್ಕೂ ಕೇಳ್ತಾ ಕೂತ್ರೆ, ಅತ್ತಿಗೆ ಕೈಲಿ ತೋಟ ಆಗಲ್ಲ ಅನ್ನೋ ಮಹೇಶನ್ ಮಾತೇ ನಿಜ ಆಗ್ಬುಡ್ತದೆ. ಗುತ್ತಿಗೆಗೆ ಕೊಡ್ಸೋಕೆ ಕಾಯ್ತಾ ಕೂತವ್ನೆ ಕಣಪ್ಪ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಜಾಲತಾಣಗಳು ಅಂಗವಿಕಲರಿಗೂ ಎಟುಕಬೇಕೆಂಬ ಕಾನೂನು ಇರುವುದನ್ನು ನಾನೂ ಓದಿದ್ದೆ. ಅದೆಲ್ಲ ದೆಹಲಿಯ ದೊಡ್ಡ ಕಚೇರಿಗಳಿಗೆ, ನಮ್ಮ ಹಲಗೆಗಲ್ಲ ಎಂದು ತಳ್ಳಿಬಿಟ್ಟಿದ್ದೆ. ಕಾಫಿಯನ್ನೂ ಮರೆತು ಕುಳಿತೆ. ಫೋಟೋ ತೆಗೆದುಹಾಕಿ ಅಂಕಿಗಳನ್ನು ಅಕ್ಷರದಲ್ಲೇ ಕೋಷ್ಟಕ ಮಾಡಿದೆ. ಶೀರ್ಷಿಕೆಯನ್ನು ಬರೀ ದಪ್ಪಗೆ ಕಾಣಿಸಿದರೆ ಸಾಲದು, ‘ಇದು ಶೀರ್ಷಿಕೆ’ ಎಂದು ಪುಟದ ಒಳಗಿನ ಗುರುತಿನಲ್ಲೂ ಹೇಳಬೇಕಂತೆ, ಹೇಳಿದೆ. ಕೆಂಪು ಬಣ್ಣಕ್ಕೆ ಧ್ವನಿಯಿಲ್ಲವಾದ್ದರಿಂದ ಅದರ ಜಾಗದಲ್ಲಿ ‘ಮಳೆ ಸಾಲದು’ ಎಂದು ಬರೆದೆ. ಕಣ್ಣು ಮುಚ್ಚಿಕೊಂಡು ಫೋನಿನಿಂದ ಓದಿಸಿ ನೋಡಿದೆ. ಮೂರು ಸಲ ದಾರಿ ತಪ್ಪಿ, ಮೂರು ಸಲವೂ ತಿದ್ದಿದೆ. ಮಧ್ಯಾಹ್ನದ ಹೊತ್ತಿಗೆ ‘ಯಸಳೂರು, ನಲವತ್ತು ಸೆಂಟು, ಮಳೆ ಸಾಲದು’ ಎಂದು ಫೋನು ನೀಟಾಗಿ ಉಸುರಿತು. ರತ್ನಕ್ಕನಿಗೆ ಅಂಕಿ ಹೇಳದೆ, ಪೇಜು ಸರಿಯಾಗಿದೆ ಎಂದಷ್ಟೇ ತಿಳಿಸಿದೆ.

ಸಂಜೆ ಮಹೇಶನ ಫೋನು, ದನಿಯಲ್ಲಿ ಆಕ್ಷೇಪಣೆ.

“ಅಲ್ಲ ಕಣ್ರೀ, ಅತ್ತಿಗೆ ಒಂದ್ ಮಾತೂ ಕೇಳ್ದೆ ಸ್ಪ್ರಿಂಕ್ಲರ್ ಮೋಟ್ರು ಹಾಕ್ಸ್ಬುಟ್ಟವ್ರೆ. ನಲವತ್ತೇ ಸೆಂಟು ಬಿದ್ದಿರೋದು ಅಂತ ಅವ್ರಿಗೆ ಯಾರ್ ಹೇಳಿದ್ದು?”

“ಯಾರೂ ಹೇಳ್ಲಿಲ್ಲ ಮಹೇಶ,” ಎಂದೆ. “ಅವರೇ ಓದ್ಕೊಂಡ್ರು.”