ಕೆರೂರಿನಲ್ಲಿ ಇಳಿಯದ ಶುಕ್ರವಾರ

ಕಣ್ಣಿಗೆ ಕಾಣದ್ದನ್ನು ನಂಬಿದವಳಲ್ಲ ನಾನು. ಯಾರಾದರೂ ದೆವ್ವ, ಗಾಳಿ ಎಂದು ಶುರುಮಾಡಿದರೆ ಎದ್ದು ಹೋಗುತ್ತಿದ್ದೆ. ಹಾಗಾಗಿ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

ಬಾಗಲಕೋಟೆಯಲ್ಲಿ ಸಮಾಜಕಾರ್ಯದ ಎಂ.ಎಸ್.ಡಬ್ಲ್ಯೂ. ಎರಡನೆಯ ವರ್ಷ ಓದುತ್ತಿದ್ದೆ. ವಾರಕ್ಕೊಮ್ಮೆ ಮನೆಭೇಟಿ ಮಾಡಿ ವರದಿ ಕೊಡಬೇಕಿತ್ತು. ನನಗೆ ವಹಿಸಿದ್ದು ಕೆರೂರಿನ ಶಮೀಮಳ ಮನೆ. ಬಟ್ಟೆ ಹೊಲಿದು ಬದುಕುತ್ತಿದ್ದ ಅವಳಿಗೆ ಟಿ.ಬಿ. ಗಂಡ ಬಿಟ್ಟುಹೋದ ಮೇಲೆ ಮಾತ್ರೆ ನುಂಗುವುದನ್ನೂ ನಿಲ್ಲಿಸಿದ್ದಳು. ದವಾಖಾನೆಗೆ ನಡೆ ಎಂದರೆ ತಾಯಿ ಹುಸೇನಬಿಯ ಮಾತನ್ನೂ ಕೇಳುತ್ತಿರಲಿಲ್ಲ. ನಾನು ಮೂರು ಸಲ ಹೋದೆ. ಮೂರು ಸಲವೂ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ನಾಲ್ಕನೆಯ ಶುಕ್ರವಾರ ಕೆರೂರು ಬಂದರೂ ಬಸ್ಸಿನಿಂದ ಇಳಿಯಲಿಲ್ಲ. ಗೆಳತಿಯೊಬ್ಬಳ ಜೊತೆ ಸೀದಾ ಬಾದಾಮಿಗೆ ಹೋದೆ. ಅಲ್ಲಿ ಕೆರೆಯ ಮೆಟ್ಟಿಲ ಮೇಲೆ ಕೂತು, ಹೋಗದ ಮನೆಯ ವರದಿ ಬರೆದೆ. ಹೊಸ್ತಿಲ ಮೇಲೆ ಕೂತೆನೆಂದು ಬರೆದೆ. ಸಕ್ಕರೆ ಇಲ್ಲವೆಂದು ಸಪ್ಪೆ ಚಹಾ ಕೊಟ್ಟರೆಂದು ಬರೆದೆ. ಬಡತನ ಕಣ್ಣಿಗೆ ಕಟ್ಟಿದರೆ ಅಂಕ ಚೆನ್ನಾಗಿ ಬೀಳುತ್ತವೆಂದು ಗೊತ್ತಿತ್ತು. ಶಮೀಮಳ ತಲೆಯ ಮೇಲೆ ಕೈಯಿಟ್ಟೆ, ಅವಳು ಅತ್ತಳು, ಸೋಮವಾರ ಹತ್ತಕ್ಕೆ ನಾನೇ ಬಂದು ದವಾಖಾನೆಗೆ ಕರೆದೊಯ್ಯುವೆನೆಂದು ಮಾತು ಕೊಟ್ಟೆ ಎಂದು ಮುಗಿಸಿದೆ. ಮರುದಿನ ವರದಿ ಒಪ್ಪಿಸಿದೆ. ಸೋಮವಾರ ಬಂದಾಗ ಅದರ ನೆನಪೂ ನನಗಿರಲಿಲ್ಲ.

ಮುಂದಿನ ಶುಕ್ರವಾರ ಹೋದಾಗ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಹುಸೇನಬಿ ಒಬ್ಬರೇ ಕೂತಿದ್ದರು.

"ಈಗ ಬಂದ್ರ್ಯಾ ಅಕ್ಕಾರ?" ಎಂದರು. "ಸೋಮವಾರ ಹೊಸಾ ಬಟ್ಟಿ ಹಾಕ್ಕೊಂಡು ತಯಾರಾಗಿ ಕುಂತಿದ್ಲ್ರಿ. ಮಗ್ಗಲ ಮನಿಯವ್ರು ಆಟೋದಾಗ ಒಯ್ತೇವಿ ಅಂದ್ರು. ಬ್ಯಾಡ, ಅಕ್ಕಾರು ಬರ್ತಾರ ಅಂದ್ಲು. ಸಂಜಿತನಕ ಕಾಯ್ದ್ಲು. ಮಂಗಳವಾರ ಮುಂಜಾನಿ ರಕ್ತ ಕಾರಿ ಹೋಗಿಬಿಟ್ಲು."

"ಅಮ್ಮಾ, ಹ್ವಾದ ಶುಕ್ರವಾರ ನಾ ಬಂದೇ ಇಲ್ಲರಿ" ಎಂದೆ.

ಅವರು ಹೊಸ್ತಿಲ ಕಡೆ ಕೈ ತೋರಿಸಿದರು. "ಹಂಗ್ಯಾಕ ಅಂತೀರಿ? ಇಲ್ಲೇ ಹೊಸ್ತಲ ಮ್ಯಾಲೆ ಕುಂತಿದ್ರಿ. ಮನ್ಯಾಗ ಸಕ್ರಿ ಇರಲಿಲ್ಲ, ಸಪ್ಪನ್ ಚಾ ಕೊಟ್ಟೆ. ನೀವು ಅಕಿ ತಲಿ ಮ್ಯಾಲೆ ಕೈ ಇಟ್ರಿ, ಅತ್ತಬಿಟ್ಲು. ಗಂಡ ಬಿಟ್ಟ ಮ್ಯಾಲೆ ಅಕಿ ಅತ್ತಿದ್ದು ಅದೊಂದಽ ದಿನ ನೋಡ್ರಿ."

ಪಕ್ಕದ ಮನೆಯಾಕೆಯೂ ಅಂದು ನನ್ನನ್ನು ಮಾತಾಡಿಸಿದ್ದಳಂತೆ. ಬಾದಾಮಿಗೆ ಬಂದಿದ್ದ ಗೆಳತಿ ದಿನವಿಡೀ ನನ್ನ ಪಕ್ಕದಲ್ಲೇ ಇದ್ದವಳು. ತರಗತಿಯವರನ್ನೆಲ್ಲ ಕೇಳಿದೆ, ಯಾರೂ ಕೆರೂರಿಗೆ ಹೋಗಿರಲಿಲ್ಲ. ವರದಿಯನ್ನು ಓದಿದ ಮೇಷ್ಟ್ರು ಆ ಮನೆಯನ್ನು ಕಂಡವರೇ ಅಲ್ಲ. ಅದಕ್ಕೆ ಒಳ್ಳೆಯ ಅಂಕ ಕೊಟ್ಟಿದ್ದರು. ನಾನು ಬಾಯಿ ಬಿಡಲಿಲ್ಲ. ಪಾಸಾದೆ.

ಈಗ ಹುನಗುಂದದಲ್ಲಿ ಇದೇ ಕೆಲಸದಲ್ಲಿದ್ದೇನೆ. ಆ ಶುಕ್ರವಾರ ಅಲ್ಲಿಗೆ ಹೋದವಳು ಯಾರೋ ನನಗೆ ಇಂದಿಗೂ ಗೊತ್ತಿಲ್ಲ. ನನ್ನತ್ತ ಮುಖವನ್ನೇ ತಿರುಗಿಸದ ಶಮೀಮಳನ್ನು ಅವಳು ಒಂದೇ ಸಲಕ್ಕೆ ಒಪ್ಪಿಸಿದ್ದಳು. ಅಷ್ಟು ಮಾಡಿದವಳು ಸೋಮವಾರವೂ ಏಕೆ ಹೋಗಲಿಲ್ಲ ಎಂದು ಕೆಲವೊಮ್ಮೆ ಅವಳ ಮೇಲೆ ಸಿಟ್ಟು ಬರುತ್ತದೆ. ಸೋಮವಾರ ಹೋಗಬೇಕಾಗಿದ್ದವಳು ನಾನು ಎಂಬುದು ಆಮೇಲೆ ನೆನಪಾಗುತ್ತದೆ.