ಉಡಿದಾರದಲ್ಲಿದ್ದ ಬೀಗದ ಕೈ

ಎಂಬತ್ತರ ದಶಕದ ಪೀಣ್ಯದಲ್ಲಿ ಪಿಕಪ್ ವ್ಯಾನಿನ ಹಿಂದಿನ ಡೋರನ್ನು ಕಳ್ಳರಿಂದ ಕಾಪಾಡಿಕೊಳ್ಳುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಆಗ ನಾನು ಒಂದು ಲೇತ್ ವರ್ಕ್‌ಶಾಪಿನ ವ್ಯಾನ್ ಓಡಿಸುತ್ತಿದ್ದೆ. ಹಿಂದಿನ ಡೋರು ದಪ್ಪ ತಗಡಿನದು. ಕೆಳಗಿನ ಎರಡು ಕೀಲುಗಳ ಪಿನ್ನು ಎಳೆದರೆ ಇಡೀ ಡೋರು ಕೈಗೆ ಬರುತ್ತಿತ್ತು. ಹಾಗೆಯೇ ಒಂದು ಸಲ ನಮ್ಮದೂ ಕಳುವಾಯಿತು. ಹೊಸದು ಮಾಡಿಸುವಷ್ಟರಲ್ಲಿ ಕಾರ್ಖಾನೆಗೆ ಮಾಲು ತಲುಪುವುದು ತಡವಾಯಿತು. "ಇನ್ನೊಂದ್ಸಲ ಮಾಲು ಲೇಟಾದ್ರೆ ಬೇರೆ ಡ್ರೈವರ್ ನೋಡ್ಕೋತೀನಿ ಕಣೋ" ಎಂದು ಮಾಲೀಕರು ಖಡಾಖಂಡಿತವಾಗಿ ಹೇಳಿಬಿಟ್ಟರು.

ನನಗೆ ಪಿತ್ತ ನೆತ್ತಿಗೇರಿತು. ಸೀದಾ ಹಿಂದಿನ ರಸ್ತೆಯ ಗುಜರಿ ಅಂಗಡಿಗೆ ಹೋಗಿ, ನನಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಅಂಗಡಿಯವನನ್ನು ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರ ಎದುರೇ ಜಾಡಿಸಿದೆ. "ಎಲ್ಲಯ್ಯ ಮಡಗಿದೀಯ ನನ್ ಡೋರ್ನ? ಕಳ್ ಮಾಲ್ ತಗೊಂಡೇ ಅಲ್ವಾ ನೀನು ಬದ್ಕಿರೋದು." ಅವನು ತಕ್ಕಡಿ ಕೆಳಗಿಟ್ಟು, "ಒಳಗೆ ಬಂದು ನೋಡ್ಕೋ ಡ್ರೈವರಣ್ಣ" ಅಂದ. ನೋಡಿದೆ. ಇರಲಿಲ್ಲ. ಆದರೂ ಗೊಣಗುತ್ತಲೇ ವಾಪಸು ಬಂದೆ.

ಹೊಸ ಡೋರಿನ ಪಿನ್ನುಗಳ ಎರಡೂ ತುದಿಯನ್ನು ಬಡಿದು ಚಪ್ಪಟೆ ಮಾಡಿಸಿದೆ. ಚಿಲಕಕ್ಕೆ ಹಿತ್ತಾಳೆಯ ಬೀಗ ಹಾಕಿದೆ. ಪ್ರತಿ ಶನಿವಾರ ಚಿಲಕವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಎರಡೇ ಹನಿ ಎಣ್ಣೆ ಬಿಡುತ್ತಿದ್ದೆ. ಗ್ರೀಸು ಮೆತ್ತಿದರೆ ಪೀಣ್ಯದ ಕಬ್ಬಿಣದ ಪುಡಿಯೆಲ್ಲ ಅಲ್ಲೇ ಬಂದು ಕೂತು ಕೊಕ್ಕೆಯನ್ನು ಸವೆಸಿಹಾಕುತ್ತದೆ. ಎಷ್ಟು ಹೇಳಿದರೂ ಬೇರೆ ಡ್ರೈವರುಗಳ ತಲೆಗೆ ಇದು ಹೋಗಲೇ ಇಲ್ಲ. ಬೀಗದ ಕೈ ಇರುತ್ತಿದ್ದದ್ದು ನನ್ನ ಉಡಿದಾರದಲ್ಲಿ. ನನ್ನ ಸೊಂಟಕ್ಕೆ ಕೈ ಹಾಕದೆ ಆ ಡೋರು ಬಿಚ್ಚುವ ಗಂಡು ಹುಟ್ಟಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಒಂದು ಯುಗಾದಿಯ ಹಿಂದಿನ ಸಂಜೆ ಮಾಲು ತುಂಬಿ ಬೀಗ ಹಾಕಿದೆ. ಹಬ್ಬದ ಮಾರನೆಯ ದಿನ ಹೊಸತೊಡಕು, ಮನೆಮನೆಯಲ್ಲೂ ಬಾಡೂಟ. ಆದರೆ ಕಾರ್ಖಾನೆಯವರು ಅವತ್ತೇ ಹನ್ನೆರಡು ಗಂಟೆಯೊಳಗೆ ಮಾಲು ಬೇಕು, ಆಮೇಲೆ ಗೇಟು ಮುಚ್ಚುತ್ತೇವೆ ಅಂದಿದ್ದರು. ಹನ್ನೊಂದಕ್ಕೆ ಅಲ್ಲಿ ವ್ಯಾನ್ ನಿಲ್ಲಿಸಿ ಸೊಂಟಕ್ಕೆ ಕೈ ಹಾಕಿದರೆ ಬರೀ ಹೊಸ ದಾರ ಸಿಕ್ಕಿತು. ಯುಗಾದಿಯ ಎಣ್ಣೆಸ್ನಾನದ ಹೊತ್ತಿಗೆ ಹಳೆಯ ಉಡಿದಾರವನ್ನು ಕಿತ್ತು ಹಿತ್ತಲ ದಾಸವಾಳದ ಗಿಡದ ಮೇಲೆ ಎಸೆದಿದ್ದೆ, ಬೀಗದ ಕೈ ಸಮೇತ. ಮನೆ ನೆಲಮಂಗಲದ ಆಚೆಯ ಹಳ್ಳಿಯಲ್ಲಿ. ಹೋಗಿ ಬರುವಷ್ಟರಲ್ಲಿ ಗೇಟೂ ಮುಚ್ಚುತ್ತಿತ್ತು, ನನ್ನ ಕೆಲಸವೂ ಹೋಗುತ್ತಿತ್ತು.

ಹಬ್ಬದ ಗುಂಗಿನಲ್ಲಿ ವೆಲ್ಡಿಂಗ್ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ತೆರೆದಿದ್ದದ್ದು ಆ ಗುಜರಿ ಅಂಗಡಿ ಒಂದೇ. ವ್ಯಾನನ್ನು ಅಲ್ಲಿಗೇ ತಿರುಗಿಸಿದೆ.

"ಯಜಮಾನ್ರೇ, ಒಸಿ ಸಹಾಯ ಆಗ್ಬೇಕಿತ್ತು" ಎಂದೆ. ಆ 'ಯಜಮಾನ್ರೇ' ಬಾಯಿಂದ ಹೊರಡುವಷ್ಟರಲ್ಲಿ ನನ್ನ ಜೀವ ಅರ್ಧವಾಗಿತ್ತು.

ಬೀಗ ಒಡೆಯಲು ನಾನೇ ಅವರ ಸುತ್ತಿಗೆ ಎತ್ತಿಕೊಂಡೆ. ಅವರು ಕೈ ಹಿಡಿದು ತಡೆದರು. "ಚಿಲಕನ ಇಷ್ಟು ಚೆನ್ನಾಗಿ ಮಡಗಿದೀಯ, ಯಾಕಣ್ಣ ಹಾಳು ಮಾಡ್ತೀಯ?" ವ್ಯಾನಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಉಳಿಯಿಂದ ಪಿನ್ನುಗಳ ಚಪ್ಪಟೆ ತಲೆಗಳನ್ನು ಕತ್ತರಿಸಿ, ಒಂದೊಂದನ್ನೇ ಬಡಿದು ಆಚೆ ತೆಗೆದರು. ಬೀಗ ಹಾಕಿದ್ದ ಹಾಗೇ ಡೋರು ಕೆಳಗಿನಿಂದ ಬಿಚ್ಚಿಕೊಂಡಿತು. ಕಾಲು ಗಂಟೆಯೂ ಹಿಡಿಯಲಿಲ್ಲ.

"ನಂಗೆ ಬೇಕಿದ್ದಿದ್ರೆ, ನೀನು ಬಯ್ದೋದ ಮಾರ್ನೇ ದಿನಾನೇ ಇದ್ನ ಬಿಚ್ಕೋತಿದ್ದೆ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ನನಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಡೋರಿಗೆ ಹಗ್ಗ ಬಿಗಿದುಕೊಂಡು ಹೋಗಿ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮಾಲು ಇಳಿಸಿದೆ. ಕೆಲಸ ಉಳಿಯಿತು.

ವಾರದೊಳಗೆ ಇನ್ನೊಂದು ಬೀಗದ ಕೈ ಮಾಡಿಸಿ ಅವರ ಅಂಗಡಿಗೆ ಒಯ್ದೆ. "ಇದು ನಿಮ್ಮತ್ರಾನೇ ಇರ್ಲಿ ಯಜಮಾನ್ರೇ."

ಅವರು ಅದನ್ನು ನನ್ನ ಕೈಗೇ ವಾಪಸು ಇಟ್ಟರು. "ಬೇಡ ಕಣಣ್ಣ. ನಾಳೆ ಡೋರ್ ಕಾಣ್ದಿದ್ರೆ ನೀನು ಮೊದ್ಲು ಇಲ್ಗೇ ಬರ್ತೀಯ."

ಪಕ್ಕದ ಟೀ ಅಂಗಡಿಯಲ್ಲಿ ಅವತ್ತಿನ ಜನವೇ ಕೂತಿದ್ದರು. ಕಳ್ಳ ಮಾಲು ಅಂತ ಇಡೀ ರಸ್ತೆಗೆ ಕೇಳುವ ಹಾಗೆ ಕೂಗಿದ್ದವನು ನಾನು. ತಪ್ಪಾಯ್ತು ಅನ್ನುವುದನ್ನು ಮಾತ್ರ ಅವರೊಬ್ಬರಿಗೇ ಕೇಳುವಷ್ಟು ಮೆಲ್ಲಗೆ ಹೇಳಿ ಬಂದೆ.