ಎರಡು ಸೀಟಿನ ಗಾಡಿಯ ಸಪ್ಪಳಗಳು

ನನ್ನ ಕಾರಿಗೆ ಎರಡೇ ಸೀಟು. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಜಮಖಂಡಿಯಲ್ಲಿ ಈ ಒಂದೇ ಕಾರಣಕ್ಕೆ ಎಷ್ಟೋ ಜನ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ನಮ್ಮ ಕಡೆ ಗಾಡಿ ಎಂದರೆ ಒಂದು ಕುಟುಂಬ, ಜೊತೆಗೆ ಬೀಗರು, ಕಾಲಬುಡಕ್ಕೆ ಒಂದು ಚೀಲ ಜೋಳ. ದಾರಿಯಲ್ಲಿ ಯಾರಾದರೂ ಕೈ ಮಾಡಿ "ಅಕ್ಕಾರ, ಲೋಕಾಪುರ ತನಕ ಬಿಡ್ರಿ" ಎಂದರೆ ಒಬ್ಬರನ್ನು ಹತ್ತಿಸಿಕೊಳ್ಳಬಲ್ಲೆ. ಆದರೆ ನಮ್ಮಲ್ಲಿ ಒಬ್ಬರೇ ಎಲ್ಲಿಗೆ ಹೋಗುತ್ತಾರೆ? ಹಿಂದೆ ಹೆಂಡತಿ ಇರುತ್ತಾಳೆ, ಅವಳ ಹಿಂದೆ ಅವಳ ತಂಗಿ. ಒಬ್ಬ ಅಜ್ಜಿಯಂತೂ ಬಗ್ಗಿ ಒಳಗೆಲ್ಲ ನೋಡಿ ಬಹಳ ಮರುಕದಿಂದ ಕೇಳಿದ್ದಳು: "ಅರ್ಧಾ ಗಾಡಿ ಕೊಟ್ಟಾರಲ್ಲವ್ವಾ ನಿನಗ! ಉಳದದ್ದ ಯಾವಾಗ ಕೊಡ್ತಾರ?"

ಅಕ್ಕಾರು ಎಂದರೆ ನಮ್ಮ ಕಡೆ ಶಿಕ್ಷಕಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಅಂಥವಳ ಕೈಗೆ ಓಟದ ಕಾರು ಹೇಗೆ ಬಂತೆಂದರೆ, ಅದು ಮುಧೋಳದ ನನ್ನ ಸೋದರಮಾವನದು. ಇಂಗ್ಲೆಂಡಿನಲ್ಲಿ ತಯಾರಾಗಿ, ಯಾರ ಯಾರದೋ ಕೈ ದಾಟಿ ಕೊಲ್ಹಾಪುರಕ್ಕೆ ಬಂದಿದ್ದನ್ನು ಮಾವ ಅಲ್ಲಿಂದ ತಂದಿದ್ದ. ಮೇಲೆ ಮಡಚುವ ಬಟ್ಟೆಯ ಚಾವಣಿ, ಮುಂದೆ ಉದ್ದನೆಯ ಮೂತಿ. ಮಾವ ತೀರಿಕೊಂಡ ಮೇಲೆ ಅದು ದನದ ಕೊಟ್ಟಿಗೆಯ ಪಕ್ಕದಲ್ಲಿ ನಿಂತುಬಿಟ್ಟಿತು. ಅವನ ಎರಡು ಬೇಟೆನಾಯಿಗಳು ತಲಾ ಒಂದು ಸೀಟು ಹಂಚಿಕೊಂಡು ಮಲಗುತ್ತಿದ್ದವು. ಮಾವನ ಮಕ್ಕಳು ಅದನ್ನು ಗುಜರಿಗೆ ಹಾಕುತ್ತೇವೆಂದಾಗ ನಾನು ನಾಯಿಗಳನ್ನು ಎಬ್ಬಿಸಿ ಗಾಡಿ ತಂದೆ. ನಾಯಿಗಳು ನನ್ನನ್ನು ಇಂದಿಗೂ ಕ್ಷಮಿಸಿರಲಿಕ್ಕಿಲ್ಲ.

ಇಂಥ ಗಾಡಿಯ ತಲೆನೋವನ್ನು ಎಲ್ಲಿಂದ ಹೇಳಲಿ? ಅದು ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಬಿದ್ದರೆ ನನ್ನ ಕಣ್ಣಿನ ಮಟ್ಟಕ್ಕೆ ಟ್ರೇಲರಿನ ಗಾಲಿಯ ನಟ್ಟುಗಳು ಬರುತ್ತವೆ. ಊರೂರಿಗೂ ಇರುವ ಹಂಪುಗಳನ್ನು ಓರೆಯಾಗಿ ದಾಟಬೇಕು, ದಾಟುವಾಗ ಗಾಡಿಯ ಹೊಟ್ಟೆ ಉಜ್ಜಿದ ಸದ್ದಿಗೆ ನಾನೇ ಅಯ್ಯೋ ಎನ್ನುತ್ತೇನೆ. ಅದರಿಂದ ಇಳಿಯುವುದೂ ಒಂದು ಸಾಹಸ. ಮೊದಲು ಒಂದು ಕಾಲು ಹೊರಗಿಡಬೇಕು, ಆಮೇಲೆ ಸೀರೆಯ ನೆರಿಗೆ ಹಿಡಿದುಕೊಳ್ಳಬೇಕು, ಆಮೇಲೆ ದೇವರನ್ನು ನೆನೆಯಬೇಕು. ಬಿಡಿಭಾಗ ಸಿಗುವುದಿಲ್ಲ. ಪಂಪ್‌ಸೆಟ್ಟಿನ ವಾಷರು, ಜೀಪಿನ ಹೋಸು, ಯಾವುದೋ ಲೂನಾದ ಸ್ಪ್ರಿಂಗು, ಹೀಗೆ ಅದರ ಒಡಲಿನಲ್ಲಿ ಅರ್ಧ ಜಿಲ್ಲೆಯೇ ಸೇರಿಕೊಂಡಿದೆ.

ಸುಖ ಯಾವುದೆಂದು ಕೇಳಿದರೆ ಹೇಳುವುದು ಕಷ್ಟ. ಚಾವಣಿ ಮಡಚಿ ಬೀಳಗಿ ದಾರಿಯಲ್ಲಿ ಬೆಳಗ್ಗೆ ಹೋಗುವಾಗ ಸೂರ್ಯಕಾಂತಿಯ ಹೊಲ ಎರಡೂ ಕಡೆ ನನ್ನ ಭುಜದ ಎತ್ತರಕ್ಕೆ ಬರುತ್ತದೆ. ತಿರುವಿನಲ್ಲಿ ಗಾಡಿ ವಾಲದೆ ನೆಲ ಕಚ್ಚಿ ತಿರುಗಿದಾಗ ಮನಸ್ಸು ಹದಿನಾರಕ್ಕೆ ಹೋಗುತ್ತದೆ. ಮಂಡಿ ಮಾತ್ರ ಅರವತ್ತೆರಡರಲ್ಲೇ ಉಳಿಯುತ್ತದೆ.

ಆದರೆ ಹಳೆಯ ಗಾಡಿಯ ನಿಜವಾದ ಸಂಗತಿ ಅದರ ಸಪ್ಪಳ. ಹೊಸ ಕಾರುಗಳು ಮಾತಾಡುವುದಿಲ್ಲ. ಏನಾದರೂ ಆದರೆ ಒಂದು ಹಳದಿ ದೀಪ ಹಚ್ಚಿ ಸುಮ್ಮನಾಗುತ್ತವೆ. ಹಳೆಯದಕ್ಕೆ ದೀಪವಿಲ್ಲ, ಬಾಯಿದೆ. ಬಾಯಿದ್ದರೆ ಕೇಳುವ ಕಿವಿಯೂ ಬೇಕಲ್ಲ! ನನ್ನ ಗಾಡಿಗೆ ಹದಿನೇಳು ವರ್ಷ ಅಂಥ ಕಿವಿಯಾಗಿದ್ದವರು ಬನಹಟ್ಟಿಯ ಈರಪ್ಪಣ್ಣ.

ಈರಪ್ಪಣ್ಣ ಮೊದಲು ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದವರು. ಓಣಿಯ ಬಾಯಲ್ಲಿ ನಿಂತು, ಒಳಗೆ ನಲವತ್ತು ಮಗ್ಗ ಒಟ್ಟಿಗೆ ಹೊಡೆಯುತ್ತಿದ್ದರೂ, ಯಾವುದರ ಲಾಳಿ ತಡವರಿಸುತ್ತಿದೆ ಎಂದು ಹೇಳುತ್ತಿದ್ದರಂತೆ. ಲಾಳಿ ಎಂದರೆ ನೂಲು ಹೊತ್ತು ಅತ್ತಿತ್ತ ಓಡಾಡುವ ಆ ಕಟ್ಟಿಗೆಯ ದೋಣಿ. ಆಮೇಲೆ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಗಾಡಿ ಕೆಲಸ ಹಿಡಿದರು. ನಾನು ಗೇಟಿನ ಹತ್ತಿರ ಬರುವಷ್ಟರಲ್ಲಿ ಒಳಗಿನಿಂದಲೇ ಕೂಗುತ್ತಿದ್ದರು: "ಅಕ್ಕಾರ, ಮೂರನೇ ವಾಲ್ವ ಸಡ್ಲಾಗೇತಿ, ಬಂದ್ ಮಾಡ್ರಿ!" ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗ ಅವರ ಮುಖ ನೋಡಿದರೆ ಏನೂ ಮಾತಾಡಬಾರದು ಅನಿಸುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಬದಲಾವಣೆಯಾಯಿತು. ಗಾಡಿ ನಿಲ್ಲಿಸಿದರೆ ಅವರು ತಾವೇ ಹೇಳುವ ಬದಲು "ಹೆಂಗ ಸಪ್ಪಳ ಮಾಡತೈತ್ರಿ ಅಕ್ಕಾರ?" ಎಂದು ನನ್ನನ್ನೇ ಕೇಳತೊಡಗಿದರು. ನನಗೆ ಬಲು ಹೆಮ್ಮೆಯಾಯಿತು. ಇಷ್ಟು ವರ್ಷಕ್ಕೆ ಈ ಮನುಷ್ಯ ನನ್ನ ತಿಳಿವಳಿಕೆಗೆ ಬೆಲೆ ಕೊಟ್ಟರಲ್ಲ ಎಂದುಕೊಂಡೆ. ಎಂಥ ದಡ್ಡಿ ನಾನು!

ಸಪ್ಪಳದ ಮಾತುಗಳಿಗೆ ನಮ್ಮ ವ್ಯಾಕರಣದಲ್ಲಿ ಒಂದು ಮನೆಯೇ ಇದೆ. ಅನುಕರಣಾವ್ಯಯ ಎನ್ನುತ್ತೇವೆ. ಪಟಪಟ, ಚಟಚಟ, ದಬದಬ, ಗರಗರ. ಪರೀಕ್ಷೆಯಲ್ಲಿ ಎರಡು ಉದಾಹರಣೆ ಬರೆದರೆ ಪೂರ್ತಿ ಅಂಕ. ಮೂವತ್ತೆರಡು ವರ್ಷ ನಾನು ಅವನ್ನು ಬೋರ್ಡಿನ ಮೇಲೆ ಸಾಲಾಗಿ ಬರೆದು, ಇವು ಕೇಳಿದ ಧ್ವನಿಯನ್ನು ಹಾಗೇ ಹೇಳುತ್ತವೆ, ಇವುಗಳಿಗೆ ಬೇರೆ ಅರ್ಥವಿಲ್ಲ ಎಂದು ಕಲಿಸಿದೆ. ಅದು ಎಷ್ಟು ದೊಡ್ಡ ಸುಳ್ಳು ಎಂದು ನನಗೆ ಗೊತ್ತಾದದ್ದು ಲೋಕಾಪುರದ ದಾರಿಯಲ್ಲಿ.

ಅಂದು ಶೆಡ್ಡಿಗೆ ಹೋದಾಗ ಮುಂದಿನ ಎಡಗಾಲಿಯಿಂದ ಒಂದು ಸದ್ದು ಬರುತ್ತಿತ್ತು. ಹೆಂಗ ಸಪ್ಪಳ ಎಂದು ಈರಪ್ಪಣ್ಣ ಎಂದಿನಂತೆ ನನ್ನನ್ನೇ ಕೇಳಿದರು. "ಗರಗರ ಅಂತೈತ್ರಿ" ಎಂದೆ. ಅವರ ಮುಖ ಅರಳಿತು. "ಹಂಗಾರ ಛಲೋ ಐತಿ, ಬಿಂದಾಸ್ ಹೊಡೀರಿ" ಎಂದರು. ಹೊಡೆದೆ. ಲೋಕಾಪುರಕ್ಕೆ ಇನ್ನೂ ಸ್ವಲ್ಪ ದೂರವಿದ್ದಾಗ ಆ ಗಾಲಿಯ ಬೇರಿಂಗು ಬಿಗಿದುಕೊಂಡು ಗಾಡಿ ಎಡಕ್ಕೆ ಎಳೆಯಿತು. ನಾನು ರಸ್ತೆ ಬಿಟ್ಟು ಕಾಲುವೆಯ ಏರಿಗೆ ಹೋಗಿ ಗುದ್ದಿದೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬರುತ್ತಿತ್ತು. ಅದು ನಾಲ್ಕು ಮಾರು ಹತ್ತಿರವಿದ್ದಿದ್ದರೆ ಈ ಪ್ರಬಂಧ ಬರೆಯಲು ನಾನಿರುತ್ತಿರಲಿಲ್ಲ. ಆ ಟ್ರ್ಯಾಕ್ಟರಿನವರೇ ಹಗ್ಗ ಕಟ್ಟಿ ಗಾಡಿಯನ್ನು ಎಳೆದು ಮೇಲೆ ತಂದರು. ಭುಜಕ್ಕೆ ಪೆಟ್ಟಾಗಿತ್ತು.

ಮರುದಿನ ಟೆಂಪೋದ ಮೇಲೆ ಗಾಡಿ ಹೇರಿಕೊಂಡು ಬನಹಟ್ಟಿಗೆ ಹೋದೆ. ಸಿಟ್ಟು ನೆತ್ತಿಗೇರಿತ್ತು. "ಗರಗರ ಅಂತ ನಾ ಹೇಳಲಿಲ್ಲೇನ್ರಿ? ಬೀಸೂಕಲ್ಲಿನ್ಯಾಗ ಹರಳ ಬಿದ್ದಂಗ ಗರಗರ!" ಎಂದು ಎಗರಾಡಿದೆ. ಈರಪ್ಪಣ್ಣ ನನ್ನ ಬಾಯನ್ನೇ ನೋಡುತ್ತಿದ್ದರು. ಅವರ ಬಣ್ಣ ಇಳಿದುಹೋಯಿತು.

"ನಮ್ಮ ಮನ್ಯಾಗ ಗರಗರ ಅಂದ್ರ ರಾಟಿ ಸರಳ ತಿರಗತೈತಿ ಅಂತ್ರಿ," ಎಂದರು ಮೆಲ್ಲಗೆ. "ನಮ್ಮವ್ವ ನೂಲ ಸುತ್ತುವಾಗ ಗರಗರ ನಿಂತ್ರ ನಮಗ ಅಂಜಿಕಿ. ನೀವು ಅದನ ಅಂದ್ರಿ ಅನ್ಕೊಂಡ್ನಿ."

ನಾನು ಹೇಳಿದ್ದು ಕಲ್ಲಿನ ಗರಗರ, ಅವರು ತಿಳಿದದ್ದು ರಾಟಿಯ ಗರಗರ. ಆದರೆ ಗಾಡಿ ಅವರ ಎದುರಿಗೇ ಅರಚುತ್ತಿತ್ತಲ್ಲ, ಅದನ್ನು ಕೇಳದೆ ನನ್ನ ಮಾತನ್ನೇಕೆ ನಂಬಿದರು? ಉತ್ತರ ಕೊಟ್ಟವರು ಅವರ ಹೆಂಡತಿ ಸಂಗವ್ವಕ್ಕ. ಗಂಡ ಆ ಕಡೆ ತಿರುಗಿ ಗಾಲಿ ಬಿಚ್ಚತೊಡಗಿದಾಗ, ದನಿಯನ್ನು ತಗ್ಗಿಸದೆಯೇ ಹೇಳಿದರು: "ಅವರಿಗೆ ಕೇಳ್ಸೂದಿಲ್ರಿ ಅಕ್ಕಾರ. ಎರಡ ವರ್ಷ ಆತು. ಮಗ್ಗ ತಿಂದು ಹಾಕೇತಿ ಕಿವಿ." ಈರಪ್ಪಣ್ಣ ತಿರುಗಿ ನೋಡಲಿಲ್ಲ.

ನನಗೆ ಗೊತ್ತಾಗದಿರಲು ಕಾರಣವಿತ್ತು. ಆ ಓಣಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಎಲ್ಲರೂ ತುಟಿ ನೋಡಿಯೇ ತಿಳಿಯುತ್ತಾರೆ, ಮಗ್ಗದ ಅಬ್ಬರದಲ್ಲಿ ಬೆಳೆದವರ ರೂಢಿ ಅದು. ಆದರೂ ಎರಡು ವರ್ಷ ಆ ಮನುಷ್ಯನ ಎದುರಿಗೆ ಕುಳಿತು ಚಹಾ ಕುಡಿದಿದ್ದೆನಲ್ಲ! ನಿಂತಲ್ಲಿಯೇ ನನ್ನ ಸಿಟ್ಟೆಲ್ಲ ನಾಚಿಕೆಯಾಗಿ ತಿರುಗಿತು.

ಈರಪ್ಪಣ್ಣ ಗಾಲಿ ಬಿಚ್ಚಿ, ಪುಡಿಯಾದ ಬೇರಿಂಗನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ಆಮೇಲೆ ಕೈ ಒರೆಸಿಕೊಂಡು ಗಾಡಿಯ ಕೀಲಿಯನ್ನು ನನ್ನ ಕೈಗೆ ಕೊಟ್ಟರು. "ಕೊಲ್ಹಾಪುರಕ್ಕ ಕಳಸ್ರಿ ಅಕ್ಕಾರ. ನಾ ಇನ್ನ ಇದನ್ನ ಮುಟ್ಟೂದಿಲ್ಲ. ನಿಮಗೇನರ ಆಗಿದ್ರ ನಾ ಹೆಂಗ ಬದುಕ್ತಿದ್ದೆ?"

ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಆ ದಿನ ಬೆಳಗ್ಗೆ ಸಿಟ್ಟಿನ ಭರದಲ್ಲಿ ನಾನಾಗಲೇ ಕೊಲ್ಹಾಪುರದ ಒಬ್ಬರಿಗೆ ಫೋನು ಮಾಡಿಬಿಟ್ಟಿದ್ದೆ. ಹಳೆಯ ಕಾರುಗಳಿಗೆ ಹೆಸರಾದವರು, ಕಳಿಸಿ ಎಂದಿದ್ದರು. ಗಾಡಿಯ ದೃಷ್ಟಿಯಿಂದ ಅದೇ ಸರಿ. ಆದರೆ ಶೆಡ್ಡಿನ ಸುತ್ತ ನೋಡಿದೆ. ಬೇರೆ ಗಾಡಿ ಒಂದೂ ಇರಲಿಲ್ಲ. ಯಾವಾಗಲೋ ಎಲ್ಲರೂ ಬಿಟ್ಟುಹೋಗಿದ್ದರು. ನನ್ನದೂ ಹೋದರೆ ಈ ಮನುಷ್ಯ ನಾಳೆ ಬೆಳಗ್ಗೆ ಎದ್ದು ಯಾವ ಕೆಲಸಕ್ಕೆ ಕೈ ಹಾಕಬೇಕು? ಅವರ ಕಿವಿ ಹೋಗಿತ್ತು, ಉಳಿದದ್ದೆಲ್ಲ ಇನ್ನೂ ಇತ್ತು. ಅದನ್ನೂ ಮುಗಿಸುವ ಕೀಲಿ ನನ್ನ ಕೈಯಲ್ಲಿತ್ತು. ನನಗೆ ಭಯವಾಯಿತು.

ಅವರಿಗೆ ಕಾಣುವಂತೆ ಮುಂದೆ ಹೋಗಿ ನಿಂತು ಹೇಳಿದೆ: "ಕಿವಿ ನಂದು, ಕೈ ನಿಮ್ಮವು. ಇಬ್ಬರೂ ಕೂಡಿ ಮಾಡೂಣು."

ಅವರು ಮೀಸೆಯಲ್ಲಿ ಸಣ್ಣಗೆ ನಕ್ಕು, "ಆ ಗರಗರ ಅಂದ ಕಿವಿನ ಏನ್ರಿ?" ಎಂದರು.

ಹೀಗೆ, ಗುದ್ದಿದ ಗಾಡಿ ಪೂರ್ತಿ ನೆಟ್ಟಗಾಗುವ ತನಕ, ಮೂರು ತಿಂಗಳು ನಾನು ಮತ್ತೆ ಸಾಲಿ ಕಲಿತೆ. ಇನ್ನೂರು ಪುಟದ ನೋಟುಬುಕ್ಕು ತಂದು ಸಪ್ಪಳದ ಮಾತುಗಳನ್ನು ಬರೆದುಕೊಂಡೆ. ಕಟಕಟ ಎಂದರೆ ಸಾಲದು. ಎಂಜಿನ್ನಿನ ಜೊತೆ ಏರುತ್ತದೋ ಗಾಲಿಯ ಜೊತೆಯೋ, ಒಣ ಸಪ್ಪಳವೋ ಹಸಿ ಸಪ್ಪಳವೋ ಎಂದು ಅವರು ಕೇಳುತ್ತಿದ್ದರು. ಸಪ್ಪಳಕ್ಕೆ ಹಸಿ ಎಲ್ಲಿಂದ ಬಂತೆಂದರೆ, ಎಣ್ಣೆ ಇದ್ದಲ್ಲಿ ಬರುವುದು ಹಸಿ, ಎಣ್ಣೆ ಆರಿದಲ್ಲಿ ಬರುವುದು ಒಣ. ಅವರು ಎಲ್ಲವನ್ನೂ ಮಗ್ಗಕ್ಕೆ ಹೋಲಿಸುತ್ತಿದ್ದುದರಿಂದ ನೆರೆಮನೆಯ ಮಗ್ಗದ ಶೆಡ್ಡಿಗೆ ಹೋಗಿ, ಲಾಳಿ ಬಡಿಯುವುದು ಹೇಗೆ, ಮಗ್ಗ ಓಡಿಸುವ ಪಟ್ಟಿ ಸಡಿಲಾದರೆ ಹೇಗೆ, ಕಿವಿಗೊಟ್ಟು ನಿಂತು ಕೇಳಿ ಬಂದೆ. ತಪ್ಪಾಗಿ ಹೇಳಿದರೆ ಈರಪ್ಪಣ್ಣ ಗದರುತ್ತಿದ್ದರು. ಟಪಟಪವನ್ನು ಟಿಕಟಿಕ ಅಂದದ್ದಕ್ಕೆ ಒಂದು ಇಡೀ ದಿನದ ಕೆಲಸ ಬಿಚ್ಚಿ ಮತ್ತೆ ಜೋಡಿಸಬೇಕಾಯಿತು. ನನ್ನ ಕೈಯಲ್ಲಿ ಪೆಟ್ಟು ತಿಂದ ವಿದ್ಯಾರ್ಥಿಗಳು ಆ ಗದರಿಕೆ ಕೇಳಿದ್ದರೆ ಸಮಾಧಾನ ಪಡುತ್ತಿದ್ದರು.

ಕೊನೆಗೊಂದು ಬೆಳಗ್ಗೆ, ಗಾಡಿ ಹೊರಗೆ ತೆಗೆಯುವ ದಿನ, ಎರಡನೆಯ ಸೀಟಿನಲ್ಲಿ ಈರಪ್ಪಣ್ಣ ಕುಳಿತರು. ಹತ್ತೊಂಬತ್ತು ವರ್ಷದಲ್ಲಿ ಅವರು ಅದರಲ್ಲಿ ಕುಳಿತದ್ದು ಅದೇ ಮೊದಲು. "ಬಿದ್ರ ಇಬ್ಬರೂ ಬೀಳೂಣು" ಎಂದರು. ಜಮಖಂಡಿ ದಾಟಿ ಬೀಳಗಿ ದಾರಿ ಹಿಡಿದು, ಮೊದಲು ಸಿಗುವ ಊರಿನಲ್ಲಿ ತಿರುಗಿಸಿಕೊಂಡು ಬರುವುದೆಂದು ಮಾತಾಗಿತ್ತು. ನಾನು ಮೈಯೆಲ್ಲ ಕಿವಿಯಾಗಿ ಕುಳಿತಿದ್ದೆ. ಎರಡನೇ ಗೇರು, ಮೂರನೇ ಗೇರು. ಟಿಕಟಿಕ ಇಲ್ಲ, ಕಟಕಟ ಇಲ್ಲ, ಒಣದೂ ಇಲ್ಲ, ಹಸಿಯೂ ಇಲ್ಲ. ಈರಪ್ಪಣ್ಣ ಅಂಗೈಯನ್ನು ಬಾಗಿಲಿಗೆ ಒತ್ತಿ ಹಿಡಿದು, ನನ್ನ ಮುಖವನ್ನೇ ನೋಡುತ್ತಿದ್ದರು.

"ಏನರ ಐತೇನ್ರಿ?"

ಇಲ್ಲವೆಂದು ತಲೆಯಾಡಿಸಿದೆ.

"ಮೂರ ತಿಂಗಳ ಬರೇ ಕೆಟ್ಟ ಸಪ್ಪಳಾನ ಹೇಳೀರಿ," ಎಂದರು. "ಛಲೋ ಆದ ಮ್ಯಾಲೆ ಹೆಂಗ ಕೇಳತೈತಿ, ಅದನೊಂದ ಹೇಳ್ರಲಾ."

ನೋಟುಬುಕ್ಕನ್ನು ಮನಸ್ಸಿನಲ್ಲೇ ತಿರುವಿದೆ. ಅಷ್ಟೂ ಪುಟಗಳಲ್ಲಿ ಇದಕ್ಕೊಂದು ಮಾತಿರಲಿಲ್ಲ. ಬೇನೆಗೆಲ್ಲ ಮಾತು ಹುಡುಕಿಟ್ಟಿದ್ದೆ, ನೆಟ್ಟಗಿರುವುದಕ್ಕೆ ಹುಡುಕಿರಲಿಲ್ಲ. ಅವರು ಕಾಯುತ್ತಿದ್ದರು, ನನಗೆ ಅಳು ಬಂತು. ಅವರ ಕಡೆ ತಿರುಗಿ, ತುಟಿ ಕಾಣುವಂತೆ, "ಗೊತ್ತಿಲ್ರಿ ಈರಪ್ಪಣ್ಣ. ಕೇಳಕೋತ ಇರಬೇಕು ಅನಸ್ತೈತಿ, ಅಷ್ಟ" ಎಂದೆ.

"ರೋಡ ನೋಡ್ರಿ, ರೋಡ," ಎಂದು ಮೊದಲು ಗದರಿದರು. ಆಮೇಲೆ ಬೆನ್ನನ್ನು ಸೀಟಿಗೆ ಆನಿಸಿ, ಕಣ್ಣು ಮುಚ್ಚಿಕೊಂಡರು. "ಅಷ್ಟ ಸಾಕು. ಇನ್ನ ಮಾತಾಡಬ್ಯಾಡ್ರಿ ಅಕ್ಕಾರ. ಇಬ್ಬರ ಪಾಲಿಂದೂ ನೀವ ಕೇಳ್ರಿ."

ನಾನು ಕೇಳುತ್ತಾ ಹೋದೆ. ತಿರುಗಬೇಕಾಗಿದ್ದ ಊರು ಬಂತು, ಹಿಂದೆ ಸರಿಯಿತು. ನಾನು ತಿರುಗಿಸಲಿಲ್ಲ.